ಅಲ್ಲಿಯ ಲೈಸೆನ್ಸು, ಇಲ್ಲಿಯ ಆಕಾಶ

(ಶಾಲೆಯ ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ಮೊದಲು ಆಮಂತ್ರಣ ಪತ್ರಿಕೆಗೆ ಒಂದು ತಿದ್ದುಪಡಿ. ಅದರಲ್ಲಿ ನನ್ನ ಹೆಸರಿನ ಮುಂದೆ ‘ಪೈಲಟ್’ ಎಂದು ಅಚ್ಚಾಗಿದೆ. ಅಚ್ಚು ಹಾಕಿಸಿದವರ ಪ್ರೀತಿ ದೊಡ್ಡದು, ಆದರೆ ನನ್ನ ಹೊಟ್ಟೆಪಾಡು ಸಾಫ್ಟ್‌ವೇರ್. ಬೆಂಗಳೂರಿನಲ್ಲಿ ಕೆಲಸ. ಬಿ.ಇ. ಮುಗಿಸಿದಾಗಿನಿಂದ ಅದೇ ಉದ್ಯೋಗ, ನಡುವೆ ಒಂದು ವರ್ಷದ ಮೇಲೆ ಬಿಟ್ಟದ್ದು ಬಿಟ್ಟರೆ. ಆ ಬಿಟ್ಟ ಕಾಲದಲ್ಲಿ ಅಮೆರಿಕಕ್ಕೆ ಹೋಗಿ ವಿಮಾನ ಹಾರಿಸುವ ಕಮರ್ಷಿಯಲ್ ಲೈಸೆನ್ಸ್ ಪಡೆದೆ. ಬಂದ ಮೇಲೆ ಮತ್ತೊಂದು ವರ್ಷ ಅದನ್ನು ಭಾರತದ ಲೈಸೆನ್ಸ್ ಆಗಿ ಮಾಡಿಸಿಕೊಳ್ಳುವುದರಲ್ಲಿ ಕಳೆಯಿತು. ಈಗ ಎರಡೂ ಲೈಸೆನ್ಸ್ ಇವೆ. ಯಾವ ಏರ್‌ಲೈನಿನ ಸಮವಸ್ತ್ರವೂ ಇಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನ ಮಾತಿಗೆ ಅನುಕೂಲ.

ನಾನು ಈ ವಿಷಯವನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಇದೆ. ಕಳೆದ ಡಿಸೆಂಬರ್ ರಜೆಯಲ್ಲಿ ಓಂ ಬೀಚಿಗೆ ಹೋಗಿದ್ದೆ. ನಮ್ಮ ಕೇರಿಯವರೊಬ್ಬರು ಅಲ್ಲಿಂದ ಹಾಫ್ ಮೂನ್, ಪ್ಯಾರಡೈಸ್ ಕಡೆಗೆ ಪ್ರವಾಸಿಗರನ್ನು ದೋಣಿಯಲ್ಲಿ ಕರೆದೊಯ್ಯುತ್ತಾರೆ. ಮಳೆಗಾಲ ಬಂತೆಂದರೆ ದೋಣಿ ಮೇಲೆ, ದುಡಿಮೆ ಬಂದ್. ಅವರ ಮಗಳು ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ, ಇದೇ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿದವಳು. ನನ್ನನ್ನು ಕಂಡದ್ದೇ ಅವರು ದೋಣಿ ಎಳೆದು ನಿಲ್ಲಿಸಿ, ಪ್ಲಾಸ್ಟಿಕ್ ಕೊಟ್ಟೆಯೊಳಗಿಂದ ಬಣ್ಣದ ಕಾಗದವೊಂದನ್ನು ತೆಗೆದರು. ‘ವಿದೇಶದಲ್ಲಿ ಪೈಲಟ್ ತರಬೇತಿ, 12 ತಿಂಗಳು, ಉದ್ಯೋಗ ಖಚಿತ.’ ಯಾರೋ ಪ್ರವಾಸಿಗರು ಕೊಟ್ಟುಹೋದ ವಿಳಾಸವಂತೆ, ಫೋನ್ ಮಾಡಿದರೆ ಏಜೆಂಟ್ ಮನೆಗೇ ಬಂದಿದ್ದನಂತೆ. “ತಮಾ, ಹಿತ್ತಲಿನ ಪಹಣಿ ಬ್ಯಾಂಕಿಗೆ ಕೊಡೂದು, ದೋಣಿ ಮಾರೂದು ಅಂತ ಲೆಕ್ಕ ಹಾಕಿದ್ದೆ. ಇದ್ರಲ್ಲಿ ಬರ್ದದ್ದು ಖರೆನಾ?” ಎಂದು ಕೇಳಿದರು.

ಆ ಕಾಗದದಲ್ಲಿ ಸುಳ್ಳು ಕಡಿಮೆ ಇತ್ತು, ಬಿಟ್ಟುಹೋದದ್ದು ಹೆಚ್ಚು. ತರಬೇತಿ ಮುಗಿಸಿ ಊರಿಗೆ ಬಂದ ಮೇಲೆ ಏನು ಎಂಬುದರ ಬಗ್ಗೆ ಒಂದು ಸಾಲೂ ಇರಲಿಲ್ಲ. ನಾನು ಹೇಳಬೇಕೆಂದಿರುವುದು ಆ ಬಿಟ್ಟುಹೋದ ಭಾಗ.

ಮೊದಲು ನನ್ನ ದಾರಿಯನ್ನು ಚುಟುಕಾಗಿ ಹೇಳುತ್ತೇನೆ. ಅಪ್ಪ ಸಾಣಿಕಟ್ಟೆಯ ಉಪ್ಪಿನ ಆಗರದಲ್ಲಿ ದುಡಿದವರು. ಮನೆಯಲ್ಲಿ ವಿಮಾನದ ಮಾತು ಇರಲಿಲ್ಲ. ಹುಡುಗನಾಗಿದ್ದಾಗ ನನಗಿದ್ದ ಹುಚ್ಚು ಬೇರೆ: ಓಂ ಬೀಚ್ ‘ಓಂ’ ಆಕಾರದಲ್ಲಿದೆ ಎಂದು ಎಲ್ಲರೂ ಹೇಳುತ್ತಾರಲ್ಲ, ಮರಳಿನಲ್ಲಿ ನಿಂತರೆ ಅದು ಕಾಣುವುದಿಲ್ಲ. ಎರಡು ಅರ್ಧಚಂದ್ರ, ನಡುವೆ ಸಮುದ್ರಕ್ಕೆ ಚಾಚಿದ ಬಂಡೆ, ಅಷ್ಟೇ. ಗುಡ್ಡ ಹತ್ತಿದರೆ ಸ್ವಲ್ಪ ತಿಳಿಯುತ್ತದೆ. ಇನ್ನೂ ಮೇಲಿಂದ ನೋಡಬೇಕು ಅನ್ನಿಸುತ್ತಿತ್ತು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಬಿ.ಇ. ಆಯಿತು, ನೌಕರಿ ಸಿಕ್ಕಿತು, ತಂಗಿಯ ಮದುವೆ ಆಯಿತು, ಮನೆಗೆ ಹಂಚು ಹೋಗಿ ತಾರಸಿ ಬಂತು. ಇಷ್ಟೆಲ್ಲ ಆದಮೇಲೆ, ಮೂವತ್ತು ದಾಟಿದ ಮೇಲೆ, ಕೂಡಿಟ್ಟದ್ದರಲ್ಲಿ ಹೊರಟೆ.

ಹೊರಡುವ ಮುನ್ನ ಒಂದು ಕೆಲಸ ಮಾಡಿಕೊಂಡೆ. ವೈದ್ಯಕೀಯ ಪರೀಕ್ಷೆ. ವಿಮಾನಯಾನದ ನಿಯಮಗಳನ್ನು ನೋಡಿಕೊಳ್ಳುವುದು ನಮ್ಮ ದೇಶದಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಎಲ್ಲರ ಬಾಯಲ್ಲಿ ಡಿಜಿಸಿಎ. ಅವರು ಗೊತ್ತುಮಾಡಿದ ವೈದ್ಯರ ಬಳಿ ಮೊದಲು ಕ್ಲಾಸ್ 2 ಪರೀಕ್ಷೆ, ಆಮೇಲೆ ಕ್ಲಾಸ್ 1. ನನ್ನ ಕ್ಲಾಸ್ 1 ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯಲ್ಲಿರುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ ಆಯಿತು. ರಕ್ತ, ಇಸಿಜಿ, ಕಿವಿ, ಕಣ್ಣು. ಚುಕ್ಕೆಗಳ ನಡುವೆ ಅಡಗಿದ ಅಂಕಿ ಓದಿಸುವ ಪುಸ್ತಕವೊಂದಿದೆ, ಬಣ್ಣಗುರುಡು ಇದೆಯೇ ಎಂದು ನೋಡಲಿಕ್ಕೆ. ನನ್ನ ಪಕ್ಕದಲ್ಲಿ ಕೂತಿದ್ದ ಹುಡುಗ ಆ ಕೋಣೆಯಿಂದ ಹೊರಬಂದು ಗೋಡೆ ನೋಡುತ್ತ ನಿಂತುಬಿಟ್ಟ. ಇಪ್ಪತ್ತು ವರ್ಷದವರೆಗೆ ಅವನಿಗೆ ತನ್ನ ಕಣ್ಣಿನ ವಿಷಯ ಗೊತ್ತೇ ಇರಲಿಲ್ಲ. ಅವನ ಮನೆಯವರು ಶುಲ್ಕದ ಮೊದಲ ಕಂತು ಕಟ್ಟಿಯಾಗಿತ್ತು. ಕನ್ನಡಕ ಇದ್ದರೆ ಅದೊಂದೇ ಅಡ್ಡಿಯಾಗುವುದಿಲ್ಲ, ಕನ್ನಡಕ ಹಾಕಿ ದೃಷ್ಟಿ ಸರಿ ಇದ್ದರೆ ನಡೆಯುತ್ತದೆ. ಬಣ್ಣದ ವಿಷಯ ಹಾಗಲ್ಲ.

ತರಬೇತಿಗೆ ಹೋದದ್ದು ಅರಿಜೋನಾ ರಾಜ್ಯಕ್ಕೆ, ಫೀನಿಕ್ಸ್ ನಗರದ ಹತ್ತಿರ. ಹೊರಗಿನವರು ಅಲ್ಲಿ ವಿಮಾನ ಕಲಿಯಬೇಕಾದರೆ ವೀಸಾ ಮಾತ್ರ ಸಾಲದು, 2001ರ ಸೆಪ್ಟೆಂಬರ್ ದಾಳಿಯ ನಂತರ ಬಂದ ಭದ್ರತಾ ಇಲಾಖೆಯ ಅನುಮತಿಯೂ ಬೇಕು. ಬೆರಳಚ್ಚು ಕೊಟ್ಟು ಕಾಯಬೇಕು. ಯಾಕೆ ಅಷ್ಟು ದೂರ ಎಂದರೆ ಬಿಸಿಲಿಗಾಗಿ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿ.ಮೀ. ದಾಟಿ ಮಳೆ, ಅಲ್ಲಿ 200ರ ಆಸುಪಾಸು. ಜುಲೈ ತಿಂಗಳಲ್ಲಿ ಅವರೂ ‘ಮಾನ್ಸೂನ್ ಬಂತು’ ಎನ್ನುತ್ತಾರೆ, ನಾನು ನಗು ತಡೆದುಕೊಂಡಿದ್ದೆ. ಮಳೆಗಿಂತ ದೊಡ್ಡದಾಗಿ ಧೂಳಿನ ಗೋಡೆ ಎದ್ದು ಬರುತ್ತದೆ. ಅದು ಬಿಟ್ಟರೆ ದಿನ ದಿನವೂ ಹಾರಬಹುದು. ವಿಮಾನಗಳು ಹೆಚ್ಚು, ಕಲಿಸುವವರು ಹೆಚ್ಚು, ಸರದಿ ಬೇಗ ಬರುತ್ತದೆ. ಇಲ್ಲಿ ಎರಡು ಮೂರು ವರ್ಷ ಎಳೆಯಬಹುದಾದ ಗಂಟೆಗಳು ಅಲ್ಲಿ ಒಂದು ವರ್ಷದಲ್ಲಿ ಮುಗಿಯುತ್ತವೆ.

ನಾನು ಕಲಿತದ್ದು ಸೆಸ್ನಾ 172, ನಾಲ್ಕು ಸೀಟಿನ, ಒಂದೇ ಎಂಜಿನ್ನಿನ ವಿಮಾನ. ಬೆಳಿಗ್ಗೆ ಮೊದಲ ಕೆಲಸ ರೆಕ್ಕೆಯ ಕೆಳಗಿನ ತೂಬಿನಿಂದ ಸಣ್ಣ ಗಾಜಿನಂಥ ಲೋಟಕ್ಕೆ ಇಂಧನ ಹಿಡಿದು ಬೆಳಕಿಗೆ ಎತ್ತಿ ನೋಡುವುದು. ಬಣ್ಣ ತಿಳಿನೀಲಿ ಇರಬೇಕು, ತಳದಲ್ಲಿ ನೀರಿನ ಗುಳ್ಳೆ ಇರಬಾರದು. ಇದನ್ನು ಹೇಳಿಕೊಡುವಾಗ ಶಿಕ್ಷಕರಿಗೆ ಆಶ್ಚರ್ಯ, ಇವನಿಗೆ ಮೊದಲೇ ಗೊತ್ತಿದೆಯಲ್ಲ ಎಂದು. ತದಡಿ ಬಂದರಿನಲ್ಲಿ ದೋಣಿಯ ಡೀಸೆಲಿಗೆ ನೀರು ಸೇರಿದರೆ ಏನಾಗುತ್ತದೆ ಎಂದು ನೋಡಿ ಬೆಳೆದವನಿಗೆ ಹೊಸದಾಗಿ ಏನು ಹೇಳುವುದು? ಸಮುದ್ರದಲ್ಲಾದರೆ ಇನ್ನೊಂದು ದೋಣಿ ಬಂದು ಎಳೆದೊಯ್ಯುತ್ತದೆ.

ಇನ್ನೊಂದು ವಿದ್ಯೆಯೂ ಇಲ್ಲಿಂದಲೇ ಹೋದದ್ದು. ನಮ್ಮ ವಿಜ್ಞಾನದ ಮಾಸ್ತರರು ಒಂಬತ್ತನೇ ತರಗತಿಯಲ್ಲಿ ವೇಗದ ಪಾಠ ಮಾಡುವಾಗ ತದಡಿಯಿಂದ ಅಘನಾಶಿನಿಗೆ ಹೊಳೆ ದಾಟುವ ದೋಣಿಯ ಲೆಕ್ಕ ಕೊಟ್ಟಿದ್ದರು. ಇಳಿತದ ಹೊತ್ತಿಗೆ ನೀರು ಅಳಿವೆಯ ಕಡೆ ಎಳೆಯುತ್ತದೆ, ಆಗ ಎದುರು ದಂಡೆಯ ಧಕ್ಕೆ ಮುಟ್ಟಬೇಕಾದರೆ ದೋಣಿಯ ಮೂತಿಯನ್ನು ಎಷ್ಟು ಮೇಲಕ್ಕೆ ತಿರುಗಿಸಬೇಕು? ವಿಮಾನದ ನ್ಯಾವಿಗೇಷನ್ ಪತ್ರಿಕೆಯ ಹೃದಯವೇ ಆ ಲೆಕ್ಕ. ನೀರಿನ ಜಾಗದಲ್ಲಿ ಗಾಳಿ, ಅಷ್ಟೇ ವ್ಯತ್ಯಾಸ. ಗಂಟೆಗೆ 100 ನಾಟಿಕಲ್ ಮೈಲಿ ಓಡುವ ವಿಮಾನಕ್ಕೆ 20ರ ಎದುರುಗಾಳಿ ಬಂದರೆ, 36 ನಿಮಿಷದ ದಾರಿ 45 ನಿಮಿಷವಾಗುತ್ತದೆ. ಇಂಧನ ಮಾತ್ರ ಅಷ್ಟೇ ಇರುತ್ತದೆ. ಮಾಸ್ತರರು ಇವತ್ತು ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಅರಿಜೋನಾದ ಮರುಭೂಮಿಯ ಮೇಲೆ ಒಬ್ಬನೇ ಹಾರುವಾಗ ನಾನು ಬಿಡಿಸಿದ್ದು ನೀವು ಕೊಟ್ಟ ಲೆಕ್ಕವನ್ನೇ, ಸರ್.

ಕನ್ನಡ ಮಾಧ್ಯಮದ ಮಕ್ಕಳು ಕೇಳುವ ಮೊದಲ ಪ್ರಶ್ನೆ ಇಂಗ್ಲಿಷಿನದು. ಅದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಅಂತಾರಾಷ್ಟ್ರೀಯ ನಿಯಮದಲ್ಲಿ ಪೈಲಟ್‌ಗಳ ಇಂಗ್ಲಿಷಿಗೆ ಆರು ಹಂತಗಳಿವೆ, ಕನಿಷ್ಠ ನಾಲ್ಕನೆಯದು ಬೇಕು. ರೇಡಿಯೋದಲ್ಲಿ ಆಡುವ ಮಾತು ಭಾಷಣದ ಇಂಗ್ಲಿಷ್ ಅಲ್ಲ. ಗೊತ್ತಾದ ಪದಗಳು, ಗೊತ್ತಾದ ಕ್ರಮ. ಯಾರು, ಯಾರಿಗೆ, ಎಲ್ಲಿದ್ದೇನೆ, ಏನು ಬೇಕು. ಕೇಳಿದ್ದನ್ನು ತಿರುಗಿ ಹೇಳಬೇಕು. ಉಚ್ಚಾರಣೆಯಲ್ಲಿ ಗೊಂದಲ ಆಗಬಾರದೆಂದು ಅಂಕಿಗಳ ಹೆಸರನ್ನೇ ತಿರುಚಿದ್ದಾರೆ: 9 ಎಂದರೆ ‘ನೈನರ್’, 5 ಎಂದರೆ ‘ಫೈಫ್’, 3 ಎಂದರೆ ‘ಟ್ರೀ’. ಮೂರನ್ನು ಟ್ರೀ ಎಂದದ್ದಕ್ಕೆ ನಮ್ಮ ಇಂಗ್ಲಿಷ್ ಅಕ್ಕೋರು ಹತ್ತು ಸಲ ಬರೆಸಿದ್ದರು. ಅಲ್ಲಿ ಅದೇ ಸರಿ! ಮೊದಲ ತಿಂಗಳು ಅಮೆರಿಕನ್ನರ ವೇಗ ಹಿಡಿಯಲಾಗದೆ ಒದ್ದಾಡಿದೆ. ಸಂಜೆ ವಿಮಾನ ನಿಲ್ದಾಣದ ಬೇಲಿಯ ಹತ್ತಿರ ಕೂತು ಸಣ್ಣ ರೇಡಿಯೋದಲ್ಲಿ ಟವರಿನ ಮಾತು ಕೇಳಿ ಕೇಳಿ ಕಿವಿ ತೆರೆಯಿತು. ಇಂಗ್ಲಿಷ್ ಬಾರದೆಂದು ಯಾರೂ ಈ ಆಸೆಯನ್ನು ಬಿಡಬೇಕಾಗಿಲ್ಲ.

ಒಬ್ಬನೇ ಹಾರಿದ ಮೊದಲ ದಿನದ ಬಗ್ಗೆ ಎಲ್ಲರೂ ಕೇಳುತ್ತಾರೆ. ಶಿಕ್ಷಕರು ಇಳಿದು ಬಾಗಿಲು ಹಾಕಿದರು. ಒಬ್ಬರ ಭಾರ ಕಡಿಮೆಯಾದದ್ದರಿಂದ ವಿಮಾನ ದಿನಕ್ಕಿಂತ ಬೇಗ ನೆಲ ಬಿಟ್ಟಿತು. ಪಕ್ಕದ ಸೀಟು ಖಾಲಿ. ಮೂರು ಸುತ್ತು ಹಾಕಿ ಇಳಿಸಿದೆ. ಹೆದರಿಕೆ ಬಂದದ್ದು ಇಳಿದ ಮೇಲೆ.

ಹದಿಮೂರು ತಿಂಗಳು ಹೀಗೆ ಕಳೆಯಿತು. ಅಮೆರಿಕದ ಸಾಮಾನ್ಯ ನಿಯಮದಂತೆ ಕಮರ್ಷಿಯಲ್ ಲೈಸೆನ್ಸಿಗೆ 250 ಗಂಟೆ ಹಾರಾಟ ಬೇಕು. ಮೌಖಿಕ ಪರೀಕ್ಷೆ, ಹಾರಾಟದ ಪರೀಕ್ಷೆ ಮುಗಿಸಿ ಲೈಸೆನ್ಸ್ ಹಿಡಿದು 2023ರ ಕೊನೆಗೆ ಊರಿಗೆ ಬಂದೆ. ಆಯಿ ಅದನ್ನು ದೇವರ ಮುಂದೆ ಇಟ್ಟಳು. ಅಪ್ಪ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, “ಇನ್ನು ಇಲ್ಲಿ ಹಾರ್ಸಬಹುದಲ್ಲ?” ಎಂದರು. ಇಲ್ಲ, ಇಲ್ಲಿ ಮತ್ತೆ ಪರೀಕ್ಷೆ ಕೊಡಬೇಕು, ಒಂದು ವರ್ಷ ಆಗಬಹುದು ಎಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಗಾಳಿ ಅದೇ, ವಿಮಾನ ಅದೇ, ನೀನೂ ಅವ್ನೇ. ಮತ್ತೆ ಎಂತಕೆ?”

ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನನಗೆ ಯಾವ ಪರೀಕ್ಷಕರೂ ಕೇಳಿಲ್ಲ. ಉತ್ತರ 1944ರಲ್ಲಿದೆ. ಆ ವರ್ಷದ ಡಿಸೆಂಬರ್ 7ರಂದು ಚಿಕಾಗೋ ನಗರದಲ್ಲಿ ದೇಶಗಳು ಸೇರಿ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಇಂದಿನ ವಿಮಾನಯಾನವೆಲ್ಲ ನಿಂತಿರುವುದು ಅದರ ಮೇಲೆ. ಅದರ 33ನೇ ವಿಧಿಯ ಪ್ರಕಾರ ವಿಮಾನ ಯಾವ ದೇಶದಲ್ಲಿ ನೋಂದಣಿಯಾಗಿದೆಯೋ ಆ ದೇಶ ಕೊಟ್ಟ ಲೈಸೆನ್ಸನ್ನು, ಅದು ಕನಿಷ್ಠ ಮಟ್ಟ ಮುಟ್ಟಿದ್ದರೆ, ಉಳಿದವರು ಒಪ್ಪಬೇಕು. ಹಾಗಾಗಿಯೇ ಅಮೆರಿಕದ ವಿಮಾನವನ್ನು ಅಮೆರಿಕದ ಪೈಲಟ್ ದಿಲ್ಲಿಗೆ ತಂದು ಇಳಿಸಬಹುದು. ಆದರೆ 32ನೇ ವಿಧಿಯ ಎರಡನೇ ಭಾಗ ಬೇರೆ ಮಾತು ಹೇಳುತ್ತದೆ: ತನ್ನ ಪ್ರಜೆಗೆ ಬೇರೆ ದೇಶ ಕೊಟ್ಟ ಲೈಸೆನ್ಸನ್ನು, ತನ್ನ ನೆಲದ ಮೇಲಿನ ಹಾರಾಟಕ್ಕೆ, ಒಪ್ಪದಿರುವ ಹಕ್ಕು ಪ್ರತಿ ದೇಶಕ್ಕೂ ಇದೆ. ಅಂದರೆ ಅರಿಜೋನಾದ ನನ್ನ ಸಹಪಾಠಿಗೆ ಇಲ್ಲದ ತೊಡಕು ನನಗೆ ಇದೆ, ನಾನು ಭಾರತೀಯನಾದ ಕಾರಣಕ್ಕೇ. ಕೇಳಲು ವಿಚಿತ್ರ, ಆದರೆ ಯೋಚಿಸಿದರೆ ಅರ್ಥವಾಗುತ್ತದೆ. ಇಲ್ಲದಿದ್ದರೆ ಇಲ್ಲಿಯ ಪರೀಕ್ಷೆ ಕಷ್ಟವೆಂದು ಎಲ್ಲರೂ ಎಲ್ಲಿ ಸುಲಭವೋ ಅಲ್ಲಿಂದ ಲೈಸೆನ್ಸ್ ತಂದುಬಿಡುತ್ತಿದ್ದರು. ಜೆ.ಆರ್.ಡಿ. ಟಾಟಾ ಅವರಿಗೆ 1929ರಲ್ಲಿ ಸಿಕ್ಕ ಒಂದನೇ ನಂಬರಿನ ಲೈಸೆನ್ಸನ್ನು ಕೊಟ್ಟದ್ದು ಒಂದು ಏರೋ ಕ್ಲಬ್. ಆ ಕಾಲ ಹೋಯಿತು.

ಅಪ್ಪನಿಗೆ ಇದನ್ನು ದೋಣಿಯ ಭಾಷೆಯಲ್ಲಿ ಹೇಳಿದೆ. ತಾಂಡೇಲ ಎಷ್ಟೇ ನುರಿತವನಾದರೂ ಬೇರೆ ರಾಜ್ಯದ ಬಂದರಿಗೆ ಹೋದರೆ ಅಲ್ಲಿಯ ಕಾಗದ ಕೇಳುತ್ತಾರಲ್ಲ, ಹಾಗೆ. ತಲೆಯಾಡಿಸಿದರು. ಪೂರ್ತಿ ಒಪ್ಪಿದಂತೆ ಕಾಣಲಿಲ್ಲ.

ಈ ಕನ್ವರ್ಷನ್ ಎಂಬುದರ ಒಳಗೆ ಏನಿದೆ? ಲೈಸೆನ್ಸ್ ಅಸಲಿಯೇ ಎಂದು ಮೊದಲು ಕೊಟ್ಟ ದೇಶದಿಂದ ದೃಢೀಕರಣ ಬರಬೇಕು. ಅಮೆರಿಕದ ಪೈಲಟ್‌ಗಳ ದಾಖಲೆ ಇರುವುದು ಓಕ್ಲಹೋಮ ಸಿಟಿಯಲ್ಲಿ. ಅಲ್ಲಿಂದ ಪತ್ರ ದಿಲ್ಲಿಗೆ ಬರುವವರೆಗೆ ಕಾಯಬೇಕು. ಇದಕ್ಕೆ ಬೈಯುವವರಿದ್ದಾರೆ. ನಾನು ಬೈಯಲಾರೆ. 2011ರಲ್ಲಿ ನಮ್ಮ ದೇಶದಲ್ಲೇ ನಕಲಿ ಅಂಕಪಟ್ಟಿ ಕೊಟ್ಟು ಲೈಸೆನ್ಸ್ ಪಡೆದ ಪೈಲಟ್‌ಗಳು ಸಿಕ್ಕಿಬಿದ್ದದ್ದನ್ನು ಹಿರಿಯರು ಪತ್ರಿಕೆಯಲ್ಲಿ ಓದಿರಬಹುದು.

ಆಮೇಲೆ ಲಿಖಿತ ಪರೀಕ್ಷೆ. ಇಲ್ಲಿಯೇ ಕಲಿಯುವವರಿಗೆ ಪತ್ರಿಕೆಗಳು ಹೆಚ್ಚು. ವಿದೇಶದ ಲೈಸೆನ್ಸ್ ತಂದವರಿಗೆ ವಾಯು ನಿಯಮಗಳ ಪತ್ರಿಕೆ ಒಂದು, ನ್ಯಾವಿಗೇಷನ್ ಮತ್ತು ಹವಾಮಾನ ಸೇರಿಸಿದ ಪತ್ರಿಕೆ ಇನ್ನೊಂದು. ಪಾಸಾಗಲು ನೂರಕ್ಕೆ 70. ಹವಾಮಾನದಲ್ಲಿ ನಮ್ಮ ಮುಂಗಾರು, ಪಶ್ಚಿಮ ಘಟ್ಟ, ಬಂಗಾಳ ಕೊಲ್ಲಿಯ ಚಂಡಮಾರುತ ಎಲ್ಲ ಬರುತ್ತವೆ. ಅರಿಜೋನಾದಲ್ಲಿ ಇವನ್ನು ಯಾರು ಕಲಿಸುತ್ತಾರೆ? ಕುಮಟೆಯಿಂದ ದೇವಿಮನೆ ಘಟ್ಟ ಹತ್ತುವಾಗ ಮೋಡ ಬಸ್ಸಿನ ಕಿಟಕಿಗೆ ಬಡಿಯುವುದನ್ನು ಕಂಡ ನಮಗೆ ಆ ಪಾಠ ಅರ್ಧ ಗೊತ್ತಿದ್ದದ್ದೇ.

ನಿಜವಾದ ಕಷ್ಟ ಲಾಗ್‌ಬುಕ್ಕಿನದು. ನನ್ನ ಕಂಪನಿಯ ಕೆಲಸದಿಂದ ಒಂದು ಹೋಲಿಕೆ ಕೊಡುತ್ತೇನೆ. ಎರಡು ಸಂಸ್ಥೆಗಳ ಕಂಪ್ಯೂಟರ್ ದಾಖಲೆಗಳನ್ನು ಒಂದು ಮಾಡುವಾಗ ತಲೆನೋವು ಬರುವುದು ಹೆಸರು ಬೇರೆ ಇರುವ ಕಾಲಂಗಳಿಂದಲ್ಲ. ಹೆಸರು ಒಂದೇ ಇದ್ದು ಅರ್ಥ ಬೇರೆ ಇರುವ ಕಾಲಂಗಳಿಂದ. ಲಾಗ್‌ಬುಕ್ಕಿನಲ್ಲಿ ‘ಪೈಲಟ್ ಇನ್ ಕಮಾಂಡ್’ ಎಂಬ ಕಾಲಂ ಇದೆ, ವಿಮಾನದ ಹೊಣೆ ಹೊತ್ತವನ ಗಂಟೆ. ಅಮೆರಿಕದಲ್ಲಿ ಮೊದಲ ಲೈಸೆನ್ಸ್ ಆದ ಮೇಲೆ ಶಿಕ್ಷಕರು ಪಕ್ಕದಲ್ಲಿದ್ದರೂ ವಿಮಾನ ನಡೆಸಿದ್ದು ನೀವೇ ಆದರೆ ಆ ಕಾಲಮಿನಲ್ಲಿ ಬರೆಯಬಹುದು. ಇಲ್ಲಿ ಶಿಕ್ಷಕರು ಕಲಿಸಲು ಕೂತಿದ್ದರೆ ಅದು ತರಬೇತಿಯ ಗಂಟೆ. ಡಿಜಿಸಿಎ ಕೇಳುವ 200 ಗಂಟೆಯಲ್ಲಿ 100 ಗಂಟೆ ಪೈಲಟ್ ಇನ್ ಕಮಾಂಡ್ ಇರಬೇಕು. ಅದರೊಳಗೆ 20 ಗಂಟೆ ಊರಿಂದೂರಿಗೆ ಹಾರಿದ್ದು, ಅದರಲ್ಲಿ ಒಂದು ಹಾರಾಟ 300 ನಾಟಿಕಲ್ ಮೈಲಿ, ಅಂದರೆ ಸುಮಾರು 555 ಕಿಲೋಮೀಟರ್, ಎರಡು ಬೇರೆ ನಿಲ್ದಾಣಗಳಲ್ಲಿ ಇಳಿದು ಪೂರ್ತಿ ನಿಲ್ಲಿಸಿದ್ದು. ಇಳಿಸಿ ಹಾಗೆಯೇ ಮತ್ತೆ ಎತ್ತಿದರೆ ಲೆಕ್ಕಕ್ಕಿಲ್ಲ. ರಾತ್ರಿ 5 ಗಂಟೆ, 10 ಸಲ ಏರಿ 10 ಸಲ ಇಳಿದದ್ದು. ನಾನು ಈ ಪಟ್ಟಿಯನ್ನು ಹೋಗುವ ಮೊದಲೇ ಮುದ್ರಿಸಿ ಲಾಗ್‌ಬುಕ್ಕಿನ ಒಳರಕ್ಷಾಪುಟಕ್ಕೆ ಅಂಟಿಸಿಕೊಂಡಿದ್ದೆ. ಪ್ರತಿ ಹಾರಾಟವನ್ನೂ ಎರಡು ಲೆಕ್ಕದಲ್ಲಿ ಬರೆದೆ, ಅವರದೊಂದು, ನಮ್ಮದೊಂದು. ಶಿಕ್ಷಕರು ತಮಾಷೆ ಮಾಡುತ್ತಿದ್ದರು. ಜೊತೆಯಲ್ಲಿ ಕಲಿತ ಇನ್ನೊಬ್ಬ ಭಾರತೀಯನಿಗೆ ಏಜೆಂಟ್ ಇದನ್ನೆಲ್ಲ ಹೇಳಿರಲಿಲ್ಲ. ರಾತ್ರಿಯ ಗಂಟೆಗಳನ್ನೆಲ್ಲ ಶಿಕ್ಷಕರನ್ನು ಕೂರಿಸಿಕೊಂಡು ಹಾರಿದ್ದ, ಅಲ್ಲಿ ಅದಕ್ಕೆ ಅವಕಾಶವಿದೆ. ಇಲ್ಲಿಗೆ ಬಂದು ಅಷ್ಟನ್ನೂ ಮತ್ತೆ ದುಡ್ಡು ಕೊಟ್ಟು ಹಾರಿದ.

ಇದರ ಮೇಲೆ ಹೊಸತನದ ಲೆಕ್ಕ ಬೇರೆ. ಅರ್ಜಿ ಹಾಕುವ ಹಿಂದಿನ ಆರು ತಿಂಗಳಲ್ಲಿ 15 ಗಂಟೆ ಹಾರಿರಬೇಕು. ಒಂದು ಕಡೆ ಪತ್ರ ಬರಬೇಕು, ಇನ್ನೊಂದು ಕಡೆ ಪರೀಕ್ಷೆಯ ದಿನಾಂಕ ಬರಬೇಕು, ಅಷ್ಟರಲ್ಲಿ ಈ ಆರು ತಿಂಗಳು ಕೈಬಿಟ್ಟು ಹೋಗುತ್ತದೆ. ನಾನು ಇಲ್ಲಿಯ ತರಬೇತಿ ಕೇಂದ್ರವೊಂದರಲ್ಲಿ ಸೇರಿ ಗಂಟೆ ತುಂಬಿಸಿ, ಹಗಲು ರಾತ್ರಿಯ ಹಾರಾಟ ಪರೀಕ್ಷೆ ಕೊಡಬೇಕಾಯಿತು. ವಿಮಾನ ಒಂದು ದುರಸ್ತಿಗೆ ಹೋಗಿತ್ತು, ಆಮೇಲೆ ಮಳೆ ಹಿಡಿಯಿತು. ಎರಡು ವಾರ ಎಂದು ಹೇಳಿದ್ದು ಮೂರು ತಿಂಗಳಾಯಿತು. ಪರೀಕ್ಷೆ ಬೇಕು ಎಂಬ ನಿಯಮದ ಬಗ್ಗೆ ನನಗೆ ತಕರಾರಿಲ್ಲ. ಇಷ್ಟು ಕಾಯಿಸುವುದರ ಬಗ್ಗೆ ಇದೆ, ಏಕೆಂದರೆ ಆ ತಿಂಗಳುಗಳಿಗೆಲ್ಲ ಸಾಲದ ಬಡ್ಡಿ ಓಡುತ್ತಿರುತ್ತದೆ. ನಾನು ಮತ್ತೆ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ್ದು ಆಗಲೇ.

ಇನ್ನು ರೇಡಿಯೋ ಪರೀಕ್ಷೆ. ಆರ್‌ಟಿಆರ್ ಎನ್ನುತ್ತಾರೆ. ನಾನು ಕೊಟ್ಟಾಗ ಅದು ದೂರಸಂಪರ್ಕ ಇಲಾಖೆಯ ಕೈಯಲ್ಲಿತ್ತು. 2025ರಿಂದ ಜಾರಿಗೆ ಬಂದ ಭಾರತೀಯ ವಾಯುಯಾನ ಅಧಿನಿಯಮದಂತೆ ಡಿಜಿಸಿಎಗೆ ಬಂದಿದೆ. ಅಮೆರಿಕದಲ್ಲಿ ಒಂದು ವರ್ಷ ಆಡಿದ ನಾಲಿಗೆಯನ್ನು ತಿರುಗಿಸುವುದೇ ಇಲ್ಲಿ ಪರೀಕ್ಷೆ. ಅಲ್ಲಿ ರೇಡಿಯೋ ತರಂಗದ ಸಂಖ್ಯೆಯ ನಡುವೆ ‘ಪಾಯಿಂಟ್’, ಇಲ್ಲಿ ‘ಡೆಸಿಮಲ್’. ಅಲ್ಲಿ ಗಾಳಿಯ ಒತ್ತಡ ಪಾದರಸದ ಇಂಚಿನಲ್ಲಿ, 29.92 ಎಂಬಂತೆ. ಇಲ್ಲಿ ಹೆಕ್ಟೋಪಾಸ್ಕಲ್‌ನಲ್ಲಿ, 1013 ಎಂಬಂತೆ. ಎತ್ತರದ ಮಾಪಕವನ್ನು ಹೊಂದಿಸುವುದು ಈ ಅಂಕಿಯಿಂದ, ತಪ್ಪಿದರೆ ವಿಮಾನ ಎಷ್ಟು ಎತ್ತರದಲ್ಲಿದೆ ಎಂಬುದೇ ತಪ್ಪುತ್ತದೆ. ಅಲ್ಲಿ ರಾತ್ರಿ ಕಣ್ಣಳತೆಯಲ್ಲೇ ಊರಿಂದೂರಿಗೆ ಹಾರಬಹುದು. ಇಲ್ಲಿ ಸೂರ್ಯ ಮುಳುಗಿದ ಮೇಲೆ ವಿಶೇಷ ಅನುಮತಿಯಿಲ್ಲದೆ ಹಾಗೆ ಹಾರುವಂತಿಲ್ಲ. ಇದಕ್ಕೆ ತಯಾರಾಗಲು ಹದಿನೈದು ದಿನ ಊರಿಗೆ ಬಂದಿದ್ದೆ. ಜಗಲಿಯ ಮೇಲೆ ಕೂತು ಪೈಲಟ್ ಮಾತು ನಾನೇ, ಟವರ್ ಮಾತೂ ನಾನೇ. ಪಕ್ಕದ ಮನೆಯವರು ಆಯಿಯ ಹತ್ತಿರ ಬಂದು, “ತಮಂಗೆ ಬೆಂಗಳೂರಲ್ಲಿ ಎಂತಾದ್ರೂ ತ್ರಾಸಾಯ್ತಾ?” ಎಂದು ಮೆಲ್ಲಗೆ ಕೇಳಿದರಂತೆ. ಪರೀಕ್ಷೆ ಮೊದಲ ಸಲಕ್ಕೇ ಆಯಿತು. ಅನೇಕರು ಎರಡು ಮೂರು ಸಲ ಕೂರುತ್ತಾರೆ.

2024ರ ಕೊನೆಗೆ ಭಾರತದ ಲೈಸೆನ್ಸ್ ಕೈಗೆ ಬಂತು.

ಹಾಗಾದರೆ ಯಾಕೆ ಸಮವಸ್ತ್ರ ಇಲ್ಲ? ಈ ಲೈಸೆನ್ಸ್ ಬಂದ ಮಾತ್ರಕ್ಕೆ ದೊಡ್ಡ ವಿಮಾನ ಹಾರಿಸುವಂತಿಲ್ಲ. ಏರ್‌ಬಸ್ 320 ಆಗಲಿ ಬೋಯಿಂಗ್ 737 ಆಗಲಿ, ಆಯಾ ಮಾದರಿಗೆ ಬೇರೆ ತರಬೇತಿ ಬೇಕು, ಟೈಪ್ ರೇಟಿಂಗ್ ಎನ್ನುತ್ತಾರೆ. ಅನೇಕ ಸಲ ಅದರ ಖರ್ಚೂ ಅಭ್ಯರ್ಥಿಯದೇ. ಅಲ್ಲಿಯವರೆಗೆ ಆದದ್ದೇ ಅರ್ಧ ಕೋಟಿಯ ಹತ್ತಿರ ಬರುತ್ತದೆ, ಅದರ ಮೇಲೆ ಮತ್ತೆ ಹತ್ತಾರು ಲಕ್ಷ. ಲೈಸೆನ್ಸ್ ಹಿಡಿದು ಕೆಲಸಕ್ಕೆ ಕಾಯುತ್ತಿರುವವರ ಸಾಲಿನಲ್ಲಿ ಇಪ್ಪತ್ತೆರಡು ವರ್ಷದ ಹುಡುಗರಿದ್ದಾರೆ. ಅಪ್ಪ ಹೇಳಿದರು, “ಮನೆ ಕಾಗದ ಇಟ್ಟು ಮಾಡ್ತೆ ಅಂದ್ರೆ ಮಾಡು, ನಾ ಬೇಡ ಅನ್ನೂದಿಲ್ಲ.” ಬೇಡ ಅಂದಿದ್ದರೆ ಸುಲಭವಾಗುತ್ತಿತ್ತು. ಆ ಮನೆಯ ತಾರಸಿಗೆ ಅಪ್ಪನ ಮೂವತ್ತು ವರ್ಷದ ಉಪ್ಪಿನ ನೀರು ಹೋಗಿದೆ. ನಾನು ಇಡಲಿಲ್ಲ. ಸಂಬಳದಲ್ಲಿ ಉಳಿಸಿ ಮುಂದೆ ನೋಡೋಣ ಎಂದುಕೊಂಡಿದ್ದೇನೆ. ವರ್ಷಕ್ಕೊಮ್ಮೆ ಮೆಡಿಕಲ್ ಮಾಡಿಸುತ್ತೇನೆ, ಆದಾಗ ಹೋಗಿ ಒಂದೆರಡು ಗಂಟೆ ಹಾರುತ್ತೇನೆ. ಓಂ ಬೀಚಿನ ಮೇಲೆ ಇನ್ನೂ ಹಾರಿಲ್ಲ.

ಈಗ ದೋಣಿಯವರ ಮಗಳ ವಿಷಯ. ಆ ದಿನ ಮರಳಿನಲ್ಲೇ ಕೂತು ಅವರಿಗೆ ಇಷ್ಟನ್ನೂ ಹೇಳಿದೆ. ದೋಣಿ ಮಾರಬೇಡಿ ಅಣ್ಣಾ, ಮೊದಲು ಮೆಡಿಕಲ್ ಮಾಡಿಸಿ, ಅದಕ್ಕೆ ಕೆಲವು ಸಾವಿರ ಸಾಕು ಎಂದೆ. ಏಜೆಂಟನಿಗೆ ಎರಡೇ ಪ್ರಶ್ನೆ ಬರೆದುಕೊಟ್ಟೆ: ಕನ್ವರ್ಷನ್ ಖರ್ಚು ಈ ಮೊತ್ತದಲ್ಲಿ ಸೇರಿದೆಯೇ? ‘ಉದ್ಯೋಗ ಖಚಿತ’ ಎಂಬುದನ್ನು ಸಹಿ ಹಾಕಿ ಕೊಡುತ್ತೀರಾ? ಅವನು ಮತ್ತೆ ಫೋನ್ ಎತ್ತಲಿಲ್ಲವಂತೆ. ಹುಡುಗಿಯನ್ನು ಫೆಬ್ರುವರಿಯಲ್ಲಿ ಬೆಂಗಳೂರಿಗೆ ಕರೆಸಿ ಕ್ಲಾಸ್ 2 ಮಾಡಿಸಿದೆವು, ಪಾಸಾಗಿದ್ದಾಳೆ. ಈಗ ಅವಳ ಮುಂದೆ ದಾರಿಗಳಿವೆ. ವಿದೇಶಕ್ಕೆ ಹೋಗದೆ ಇಲ್ಲಿಯೇ ಕಲಿತರೆ ಕನ್ವರ್ಷನ್ನಿನ ಗೋಜೇ ಇಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ಶಾಲೆಯೇ ಇದೆ, ಬೆಳಗಾವಿ ಮತ್ತು ಕಲಬುರಗಿ ವಿಮಾನ ನಿಲ್ದಾಣಗಳಲ್ಲಿ ತರಬೇತಿ ಕೇಂದ್ರಗಳಿಗೆ ಜಾಗ ಕೊಟ್ಟಿದ್ದಾರೆ, ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿ ಕೇಂದ್ರ ಸರ್ಕಾರದ ದೊಡ್ಡ ಅಕಾಡೆಮಿ ಇದೆ. ಕಾಲ ಹೆಚ್ಚು ಹಿಡಿಯಬಹುದು. ಇನ್ನೊಂದು ದಾರಿಗೆ ಮನೆಯ ಹಣವೇ ಬೇಡ. ಎನ್‌ಡಿಎ ಪರೀಕ್ಷೆ ಪಾಸಾಗಿ ವಾಯುಪಡೆಗೆ ಸೇರುವುದು. 2021ರ ಪರೀಕ್ಷೆಯಿಂದ ಹೆಣ್ಣುಮಕ್ಕಳಿಗೂ ಅದು ತೆರೆದಿದೆ. ಅವಳು ಈಗ ಆ ಪುಸ್ತಕ ಹಿಡಿದಿದ್ದಾಳೆ. ಗಣಿತ ಚೆನ್ನಾಗಿದೆ, ಇಂಗ್ಲಿಷಿಗೆ ಅಕ್ಕೋರು ಸಂಜೆ ಒಂದು ಗಂಟೆ ಕೊಡುತ್ತಿದ್ದಾರೆ.

ಇಲ್ಲಿ ಇರುವ ಎಂಟು, ಒಂಬತ್ತನೇ ತರಗತಿಯವರಿಗೆ ಒಂದೇ ವಿಷಯ. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಬಿಡಬೇಡಿ. ಇಂದಿನ ನಿಯಮದಲ್ಲಿ ಆ ಎರಡಿಲ್ಲದೆ ಬಾಗಿಲು ತೆರೆಯುವುದಿಲ್ಲ. ಆಗಲೇ ಬಿಟ್ಟವರು ಮುಕ್ತ ಶಾಲೆಯಲ್ಲಿ ಆ ಎರಡನ್ನೇ ಬರೆಯಬಹುದು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಊಟದ ನಂತರ ನಾನು ಒಂಬತ್ತನೇ ತರಗತಿಯ ಕೋಣೆಯಲ್ಲಿ ನಾಲ್ಕು ಗಂಟೆಯವರೆಗೆ ಇರುತ್ತೇನೆ. ಎರಡೂ ಲೈಸೆನ್ಸ್, ಲಾಗ್‌ಬುಕ್, ಅರಿಜೋನಾದ ನಕ್ಷೆ ತಂದಿದ್ದೇನೆ, ಮುಟ್ಟಿ ನೋಡಬಹುದು. ಮನೆಯಲ್ಲಿ ಬಣ್ಣದ ಕಾಗದ ಬಂದಿರುವ ಪಾಲಕರು ಅದನ್ನು ತನ್ನಿ, ಕೂತು ಸಾಲು ಸಾಲಾಗಿ ಓದೋಣ. ಸಹಿ ಹಾಕುವ ಮೊದಲು ತಂದರೆ ಒಳ್ಳೆಯದು.